ಬಾಗಿಲ ತನಕ ಹೋದ ಬೀಗರು

ಹುಮನಾಬಾದಿನಲ್ಲಿ ಕಿರಾಣಿ ಅಂಗಡಿ ನಡೆಸುವ ಓದುಗರೊಬ್ಬರು ಹೋದ ಸಂಚಿಕೆಯಲ್ಲಿ ಪ್ಲೂಟೊ ಪಕ್ಕ ನಿಲ್ಲದೆ ಹಾದು ಹೋದ ನ್ಯೂ ಹೊರೈಜನ್ಸ್ ಬಾಹ್ಯಾಕಾಶ ನೌಕೆಯ ಲೇಖನ ಓದಿ ಕೇಳಿದ್ದಾರೆ: "ಒಂಬತ್ತೂವರೆ ವರ್ಷ ಹಾದಿ ಸವೆಸಿ, ಬಾಗಿಲ ತನಕ ಹೋಗಿ, ಒಳಗೆ ಕಾಲಿಡದೆ ಮುಂದೆ ನಡೆದರೆ ಅದೆಂಥ ಬೀಗತನ? ನಾಲ್ಕು ದಿನ ಅಲ್ಲೇ ಇರೋಕೆ ಏನು ಧಾಡಿ? ಮತ್ತೆ, ಅಷ್ಟು ದೂರದ ಕತ್ತಲಲ್ಲಿ ಫೋಟೊ ಹೇಗೆ ಬಂತು?"

ಸಂಪಾದಕರ ಉತ್ತರ:

ಸಾಹುಕಾರರೇ, ನಿಮ್ಮ ಸಿಟ್ಟು ನ್ಯಾಯವಾದದ್ದೇ. 'ಹಾದು ಹೋಯಿತು' ಅಂತ ಒಂದೇ ಮಾತಲ್ಲಿ ಮುಗಿಸಿದ್ದು ನಮ್ಮ ತಪ್ಪು.

ನ್ಯೂ ಹೊರೈಜನ್ಸ್ ನೌಕೆ ಹೊರಟಿದ್ದು 2006ರ ಜನವರಿ 19ಕ್ಕೆ. ಮರುವರ್ಷ ಗುರು ಗ್ರಹದ ಪಕ್ಕ ಹಾದು, ಅದರ ಸೆಳೆತದಿಂದ ಇನ್ನಷ್ಟು ವೇಗ ಗಿಟ್ಟಿಸಿಕೊಂಡಿತು. 2015ರ ಜುಲೈ 14ರಂದು ಪ್ಲೂಟೊದಿಂದ ಸುಮಾರು 12,500 ಕಿ.ಮೀ. ದೂರದಲ್ಲಿ ಹಾಯುವಾಗ ಸೆಕೆಂಡಿಗೆ ಹೆಚ್ಚುಕಡಿಮೆ 14 ಕಿ.ಮೀ. ಓಡುತ್ತಿತ್ತು. ಕಲಬುರಗಿಯಿಂದ ಬೀದರಿಗೆ ಬಸ್ಸು ಹತ್ತಿದರೆ ಮೂರು ತಾಸು, ಅಲ್ವಾ? ಆ ವೇಗಕ್ಕೆ ಎಂಟು ಸೆಕೆಂಡು. ಕಂಡಕ್ಟರ್ ಚಿಲ್ಲರೆ ಕೊಡುವುದರೊಳಗೆ ಕೋಟೆ ಬಂದಿರುತ್ತದೆ.

ಇದನ್ನು ನಿಲ್ಲಿಸುವುದು ಹೇಗೆ? ಅಲ್ಲಿ ಬ್ರೇಕ್ ಅಂದರೆ ಓಟಕ್ಕೆ ಎದುರಾಗಿ ಎಂಜಿನ್ ಉರಿಸುವುದು. ಅದಕ್ಕೆ ಬೇಕಾದ ಇಂಧನ ಇಲ್ಲಿಂದಲೇ ಹೊತ್ತೊಯ್ಯಬೇಕು. ಹೊತ್ತಷ್ಟೂ ಭಾರ, ಭಾರವಾದಷ್ಟೂ ಮತ್ತೆ ಇಂಧನ. ಈ ನೌಕೆಯ ಒಟ್ಟು ತೂಕವೇ 478 ಕಿಲೊ. ನಿಮ್ಮ ತೊಗರಿಬೇಳೆಯ 50 ಕಿಲೊ ಚೀಲದ ಲೆಕ್ಕದಲ್ಲಿ ಹತ್ತು ಚೀಲವೂ ಆಗದು. ಪ್ಲೂಟೊ ಬೇರೆ ನಮ್ಮ ಚಂದ್ರನಿಗಿಂತ ಚಿಕ್ಕದು. ಹಿಡಿದು ನಿಲ್ಲಿಸುವಷ್ಟು ಸೆಳೆತ ಅದಕ್ಕಿಲ್ಲ, ಸುತ್ತಲಿನ ಗಾಳಿಯೂ ತೀರಾ ತೆಳು. ಕಡಿಮೆ ಇಂಧನದ ನಿಧಾನದ ಹಾದಿಯೊಂದಿದೆ, ಖರೆ. ಆದರೆ ಅದಕ್ಕೆ 45 ವರ್ಷ. ಕಳಿಸಿದವರಲ್ಲಿ ಎಷ್ಟು ಮಂದಿ ನೋಡೋಕೆ ಉಳಿದಿರುತ್ತಿದ್ದರು ಹೇಳಿ.

ಹಾಗಂತ ಸುಮ್ನೆ ಹೋಗಲಿಲ್ಲ. ಅದರ ಆಂಟೆನಾ ಮೈಗೇ ಬಿಗಿದದ್ದು. ಫೋಟೊ ತೆಗೆಯುವಾಗ ಮುಖ ಪ್ಲೂಟೊ ಕಡೆ, ಮಾತಾಡುವಾಗ ಭೂಮಿ ಕಡೆ. ಎರಡೂ ಒಟ್ಟಿಗೆ ಆಗದು. ಹಾಗಾಗಿ ಹತ್ತಿರ ಬಂದ ಆ ಹೊತ್ತಲ್ಲಿ ಬಾಯಿ ಮುಚ್ಚಿಕೊಂಡು ಬರೀ ನೋಡಿತು. ಆಮೇಲೆ ಅದು ಕಳಿಸಿದ ಕ್ಷೇಮಸಮಾಚಾರ ಬೆಳಕಿನ ವೇಗದಲ್ಲಿ ಬಂದರೂ ನಾಲ್ಕೂವರೆ ತಾಸು ಹಿಡಿಯಿತು. ಗಂಟು ಕಟ್ಟಿಕೊಂಡದ್ದನ್ನು ಪೂರ್ತಿ ಕಳಿಸಿ ಮುಗಿಸಿದ್ದು 2016ರ ಅಕ್ಟೋಬರಿಗೆ. ಹದಿನೈದು ತಿಂಗಳು! ಕರೆಂಟ್ ಹೋದಾಗಿನ ನಮ್ಮ ಆಫೀಸಿನ ನೆಟ್ಟೇ ವಾಸಿ.

ಆ ಗಂಟಿನಲ್ಲಿ ಏನಿತ್ತು ಗೊತ್ತಾ? ಹೃದಯದ ಆಕಾರದ ದೊಡ್ಡ ಬಯಲು, ಅದರ ಎಡಭಾಗದ ತುಂಬ ಸಾರಜನಕದ ಹಿಮ. ಆ ಹಿಮದ ಮೇಲೆ ಉಲ್ಕೆ ಬಿದ್ದ ಗುಂಡಿಗಳೇ ಇಲ್ಲ. ಅಂದರೆ ಆ ನೆಲ ಹೊಸದು, ಒಳಗಿನಿಂದ ನಿಧಾನಕ್ಕೆ ಮಗುಚುತ್ತಲೇ ಇದೆ. ಅದರ ಅಂಚಿಗೆ ನೀರಿನ ಐಸಿನ ಬೆಟ್ಟಗಳು. ಒಂದು ಸಾಲಿಗೆ ನಮ್ಮ ತೇನ್‌ಸಿಂಗ್ ಹೆಸರಿದೆ. ಮೇ ತಿಂಗಳಲ್ಲಿ ಸೂಪರ್ ಮಾರ್ಕೆಟ್ಟಿನಿಂದ ಐಸು ತಂದರೆ ಮನೆ ಮುಟ್ಟುವುದರೊಳಗೆ ನೀರು. ಅಲ್ಲಿ, ಮೈನಸ್ 230 ಡಿಗ್ರಿಯಲ್ಲಿ, ಅದೇ ಬಂಡೆಗಲ್ಲು.

ಇನ್ನು ಕತ್ತಲ ಮಾತು. ಮೊನ್ನೆ ಹೊತ್ತು ಮುಳುಗಿದ ಸ್ವಲ್ಪ ಹೊತ್ತಿಗೆ ಮಾಳಿಗೆ ಹತ್ತಿ ನಿಮ್ಮ ಕಾಗದ ಬಿಡಿಸಿದೆ. ಪ್ಲೂಟೊದ ನಡು ಮಧ್ಯಾಹ್ನದ ಬೆಳಕು ಹೆಚ್ಚುಕಡಿಮೆ ಅಷ್ಟೇ. ಅಕ್ಷರ ಕಂಡವು. ಅಂಚಿಗೆ ಪೆನ್ಸಿಲಿನಲ್ಲಿ ಸಣ್ಣಗೆ ಬರೆದಿದ್ದ 'ಉತ್ತರ ಕೊಡದಿದ್ದರೆ ಚಂದಾ ಬಂದ್' ಕೂಡ ಓದೋಕೆ ಬಂತು.