ರಿಪೋರ್ಟಿನಲ್ಲಿ 9, ಮಾಳಿಗೆ ಮೇಲೆ ಬಿಸಿಲು

ಮಕ್ಕಳಾಗಲ್ಲ ಅಂತ ಗಂಡಿನವರಿಗೆ ಮೊದಲೇ ಹೇಳಿಬಿಡಬೇಕಾ ಅನ್ನೋ ಪ್ರಶ್ನೆ ಹಿಡಿದು ಈ ವರ್ಷ ನನ್ನ ಹತ್ತಿರ ಸಲಹೆಗೆ ಬಂದ ಮೂರನೇ ಹುಡುಗಿ ಇವಳು, ಅದಕ್ಕೇ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ಒಂದೆರಡು ವಿವರ ಬದಲಿಸಿದ್ದೇನೆ. ವಿಜಯಪುರದವಳು, 22 ವರ್ಷ, ಮನೆಯಲ್ಲಿ ಗಂಡು ನೋಡುತ್ತಿದ್ದಾರೆ. ಮುಟ್ಟು 40–45 ದಿನಕ್ಕೊಮ್ಮೆ. ರಕ್ತದ ರಿಪೋರ್ಟಿನಲ್ಲಿ ವಿಟಮಿನ್ ಡಿ 9 (ng/mL) ಬಂದಿತ್ತು. 20ಕ್ಕಿಂತ ಕೆಳಗಿದ್ದರೆ ಕೊರತೆ ಅನ್ನೋದು ಸಾಮಾನ್ಯ ಲೆಕ್ಕ. ನಿದ್ದೆ ಮಾಡಲ್ಲ, ಊಟ ಸೇರಲ್ಲ ಅಂತ ತಾಯಿ ಕರೆತಂದಿದ್ದರು.

ಎರಡನೇ ಸಲ ಬಂದಾಗ ತಾಯಿಯನ್ನು ಹೊರಗೆ ಕೂರಿಸಿದೆ. ಹುಡುಗಿ ಸ್ಕಾರ್ಫ್ ಬಿಚ್ಚೋಕೇ ಎರಡು ನಿಮಿಷ ತಗೊಂಡಳು, ಕೈಗವಸು ಬೇರೆ. ಆಮೇಲೆ ತಲೆ ಎತ್ತದೆ ಕೇಳಿದಳು: "ಮ್ಯಾಡಮ್, ನನಗ ಮಕ್ಕಳಾಗಂಗಿಲ್ಲ ಅಂತ ಗಂಡಿನವ್ರಿಗೆ ಮೊದಲಾ ಹೇಳಿಬಿಡಬೇಕೇನ್ರಿ?"

ಯಾರು ಹೇಳಿದರು ಮಕ್ಕಳಾಗಲ್ಲ ಅಂತ? ಡಾಕ್ಟರಂತೂ ಹೇಳಿಲ್ಲ. ಅತ್ತಿಗೆ "ಇದು ಪಿಸಿಓಡಿನಾ" (ಹಾರ್ಮೋನು ಏರುಪೇರಾಗಿ ಬರುವ ಅಂಡಾಶಯದ ತೊಂದರೆ) ಅಂದಿದ್ದಾಳೆ, ಮೊಬೈಲಿನಲ್ಲಿ ಯಾವುದೋ ವಿಡಿಯೋ ಡಿ ಕಡಿಮೆಯಾದರೆ ಹಾರ್ಮೋನು ಕೆಟ್ಟು ಗರ್ಭ ನಿಲ್ಲಲ್ಲ ಅಂದಿದೆ, ಎರಡೂ ಸೇರಿ ಇವಳ ತಲೆಯಲ್ಲಿ ತೀರ್ಪಾಗಿ ಕೂತಿದೆ. ಬ್ಯಾಗಿನಿಂದ ನಾಲ್ಕು ಖಾಲಿ ಪಾಕೀಟು ತೆಗೆದಳು. ವಾರಕ್ಕೊಂದು ಅಂತ ಬರೆದಿದ್ದ 60,000 ಯೂನಿಟ್ಟಿನ ವಿಟಮಿನ್ ಡಿ ಪುಡಿ, ನಾಲ್ಕೇ ದಿನದಲ್ಲಿ ನಾಲ್ಕು. "ಅವ್ರು ಬರೂದ್ರಾಗ ನಂಬರ್ ಏರ್ಲಿ ಅಂತ್ರೀ."

ಅವಳೆದುರೇ ಡಾಕ್ಟರಿಗೆ ಫೋನ್ ಹಚ್ಚಿದೆ. ಪುಡಿ ನಿಲ್ಲಿಸಲಿ, ಕ್ಯಾಲ್ಸಿಯಂ ನೋಡೋಣ ಅಂದರು. ಈ ವಿಟಮಿನ್ ಮೈಯ ಕೊಬ್ಬಿನಲ್ಲಿ ಕೂತುಬಿಡುತ್ತದೆ. ಅತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ಮಲಬದ್ಧತೆ, ಕಿಡ್ನಿಗೂ ಪೆಟ್ಟು.

ಅಂಡಾಶಯಕ್ಕೂ ಈ ವಿಟಮಿನ್ನಿಗೂ ನಂಟಿದೆ, ಪಿಸಿಓಡಿ ಇರುವವರಲ್ಲಿ ಡಿ ಕಡಿಮೆ ಇರೋದು ಮಾಮೂಲು, ಅದು ನಿಜ. ಆದರೆ ಮೈತೂಕ ಜಾಸ್ತಿಯಾದರೂ ಡಿ ಇಳಿಯುತ್ತದೆ, ಯಾವುದರಿಂದ ಯಾವುದು ಅಂತ ಬಿಡಿಸೋದು ಕಷ್ಟ. ಪಿಸಿಓಡಿ ಅನ್ನಬೇಕಾದರೆ ಮುಟ್ಟಿನ ಏರುಪೇರು, ಗಂಡು ಹಾರ್ಮೋನು ಜಾಸ್ತಿ ಇರೋದು, ಸ್ಕ್ಯಾನಿನಲ್ಲಿ ಅಂಡಾಶಯದ ತುಂಬ ಸಣ್ಣ ಸಣ್ಣ ಗುಳ್ಳೆ ಕಾಣೋದು, ಈ ಮೂರರಲ್ಲಿ ಎರಡು ಇರಬೇಕು. ಜೊತೆಗೆ ಥೈರಾಯ್ಡ್, ಪ್ರೊಲ್ಯಾಕ್ಟಿನ್ (ಎದೆಹಾಲಿನ ಹಾರ್ಮೋನು) ಕೂಡ ನೋಡಬೇಕು. ಇವಳಿಗೆ ಸ್ಕ್ಯಾನೂ ಆಗಿರಲಿಲ್ಲ, ಥೈರಾಯ್ಡೂ ನೋಡಿರಲಿಲ್ಲ. ಇನ್ನು ಪಿಸಿಓಡಿ ಇದ್ದೂ ತಾಯಂದಿರಾದವರು ಬೇಕಾದಷ್ಟಿದ್ದಾರೆ.

"ಯಾರಿಗೂ ಏನೂ ಹೇಳಬೇಡ, ಮೊದಲು ತಪಾಸಣೆ ಮಾಡಿಸು" ಅಂದೆ. ಮುಚ್ಚಿಡೋಕೆ ಕಲಿಸಿದಿರಿ ಅಂತ ಜೊತೆಯವರೊಬ್ಬರು ಆಕ್ಷೇಪಿಸಿದರು. ಯಾವ ಡಾಕ್ಟರೂ ಹೇಳದ ಕಾಯಿಲೆಯನ್ನು ನಮ್ಮ ಕಡೆ ಒಮ್ಮೆ ಬಾಯಿಬಿಟ್ಟರೆ ಸಾಕು, ಓಣಿ ತುಂಬ ಸುತ್ತಿ ಹುಡುಗಿಯ ಹೆಸರಿಗೆ ಅಂಟಿಕೊಳ್ಳುತ್ತದೆ. ಖಾತ್ರಿಯಾದ ಮೇಲೆ ಗಂಡಿನವರ ಮುಂದೆ ಕೂತು ಹೇಳೋಣ, ಬೇಕಾದರೆ ನಾನೂ ಬರುತ್ತೇನೆ. ಆ ಮಾತಿಗೆ ಈಗಲೂ ಅಂಟಿಕೊಂಡಿದ್ದೇನೆ.

ಕೊನೆಗೆ ತಾಯಿಯನ್ನು ಒಳಗೆ ಕರೆದು, ಮೈಯಲ್ಲಿ ಡಿ ಆಗೋಕೆ ಬೇಕಾದ ಬಿಸಿಲಿನ ಮಾತೆತ್ತಿದೆ. "ಕರ್ರಗಾದ್ರ ಯಾರ್ ಮಾಡ್ಕೋತಾರ್ರೀ?" ಅಂದರು. ಸಂಡಿಗೆ ಒಣಹಾಕಲು ಮಾಳಿಗೆ ಹತ್ತೋದೂ ಅವರೇ ಅಂತೆ, ಮಗಳನ್ನು ಕಳಿಸಲ್ಲ. ವಿಜಯಪುರದಲ್ಲಿ ಬಿಸಿಲಿಗೆ ಬರ! ಮುಖ ಮುಚ್ಚಿಕೊಳ್ಳಲಿ, ಮುಂಗೈ ತೆರೆದಿರಲಿ, 11ರ ಸುಮಾರಿಗೆ ಒಂದು 15–20 ನಿಮಿಷ ಸಂಡಿಗೆ ಅವಳೇ ಹಾಕಲಿ ಅಂದೆ. ನಸುಕಿನ ಎಳೆಬಿಸಿಲು, ಕಿಟಕಿ ಗಾಜಿನ ಬಿಸಿಲು ಇದಕ್ಕೆ ನಡೆಯಲ್ಲ. ಬೆಳ್ಳಗಿರೋ ಹುಚ್ಚಿಗೆ ನಾನೂ ಮಣಿದೆ ಅನ್ನಿ ಬೇಕಾದರೆ. ಅವತ್ತು ಆ ವಾದಕ್ಕೆ ಕೂತಿದ್ದರೆ ಅವರು ಮತ್ತೆ ಬರುತ್ತಲೇ ಇರಲಿಲ್ಲ.

ಮೊನ್ನೆ ಬಂದಿದ್ದಳು. ಥೈರಾಯ್ಡ್ ರಿಪೋರ್ಟ್ ಇನ್ನೂ ಕೈಸೇರಿಲ್ಲ. ಕೈಗವಸು ಇರಲಿಲ್ಲ. ವಾಚ್ ಬಿಚ್ಚಿ ಮುಂಗೈ ಚಾಚಿ ತೋರಿಸಿದಳು, ಪಟ್ಟಿ ಇದ್ದ ಜಾಗ ಮಾತ್ರ ಬೆಳ್ಳಗಿತ್ತು.