ಆರ್‌ಸಿ ಕ್ರಾಲರ್‌ನ ಲೈಟಿಗೂ ವಿಂಚಿಗೂ ಮುಖ್ಯ ಬ್ಯಾಟರಿಯೇ ಸಾಕು, ಆದರೆ ಬ್ಯಾಲೆನ್ಸ್ ಪ್ಲಗ್ಗಿನಿಂದಲ್ಲ

ನಿಮ್ಮ ಕ್ರಾಲರಿನ, ಅಂದರೆ ಬಂಡೆಗಳ ಮೇಲೆ ತೆವಳುವ ರಿಮೋಟ್ ಗಾಡಿಯ, ಮೂರು ಸೆಲ್ಲಿನ ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿಯ ಬ್ಯಾಲೆನ್ಸ್ ಪ್ಲಗ್ಗಿನಲ್ಲಿ (ಚಾರ್ಜು ಮಾಡುವಾಗ ಪ್ರತಿ ಸೆಲ್ಲನ್ನೂ ಬೇರೆಬೇರೆಯಾಗಿ ನೋಡಿ ಸಮ ಮಾಡಲು ಇರುವ ಸಣ್ಣ ಪ್ಲಗ್) ಯಾವ ಎರಡು ಪಿನ್ನುಗಳಿಂದ ಲೈಟಿಗೆ 7.4 ವೋಲ್ಟ್ ತೆಗೆದುಕೊಳ್ಳಬೇಕು, ಅದು ಬೇಡವೆಂದರೆ ಲೈಟಿಗೂ, ಸಿಕ್ಕಿಕೊಂಡ ಗಾಡಿಯನ್ನು ಹಗ್ಗದಿಂದ ಎಳೆಯುವ ವಿಂಚಿಗೂ ಬೇರೆಯದೇ ಚಿಕ್ಕ ಬ್ಯಾಟರಿ ಇಡಬೇಕೇ ಎಂದು ಕೇಳಿದ್ದೀರಿ. ಮೊದಲನೆಯದನ್ನು ನಾನು ಮಾಡಿ, ಒಂದು ಒಳ್ಳೆಯ ಬ್ಯಾಟರಿಯನ್ನು ಕಳೆದುಕೊಂಡಿದ್ದೇನೆ. ಎರಡನೆಯದನ್ನು ಮಾಡುವ ಅಗತ್ಯವೇ ಇಲ್ಲವೆಂಬುದು ಅದರ ನಂತರ ತಿಳಿಯಿತು.

ಚಿತ್ರದುರ್ಗದಲ್ಲಿ ಕ್ರಾಲರ್ ಓಡಿಸುವವನಿಗೆ ಜಾಗ ಹುಡುಕುವ ಕಷ್ಟವಿಲ್ಲ. ಊರು ದಾಟಿದರೆ ಸಾಕು, ಬಂಡೆ, ಬಂಡೆಯ ಮೇಲೆ ಬಂಡೆ. ಕಷ್ಟವೆಲ್ಲ ಬಿಸಿಲಿನದು. ಬೇಸಿಗೆಯಲ್ಲಿ ಆ ಕಲ್ಲುಗಳು ಸಂಜೆಯ ತನಕವೂ ಕೈ ಸುಡುತ್ತವೆ. ಆದ್ದರಿಂದ ನಾನೂ ನನ್ನ ಅಕ್ಕನ ಮಗನೂ ಜೋಗಿಮಟ್ಟಿಯ ಕಡೆಗೆ ಹೊರಡುತ್ತಿದ್ದುದೇ ಹೊತ್ತು ಮುಳುಗುವ ವೇಳೆಗೆ. ಹೀಗಾಗಿ ಲೈಟು ನಮಗೆ ಅಲಂಕಾರದ ವಸ್ತುವಾಗಿರಲಿಲ್ಲ. ಅದಿಲ್ಲದಿದ್ದರೆ ಗಾಡಿ ಯಾವ ಸಂದಿನಲ್ಲಿ ಸಿಕ್ಕಿಕೊಂಡಿದೆ ಎಂಬುದೇ ಕಾಣುತ್ತಿರಲಿಲ್ಲ. ನನ್ನ ಬಳಿ ಇದ್ದ ಲೈಟಿನ ಸೆಟ್ಟು ಎರಡು ಸೆಲ್ಲಿನ, ಅಂದರೆ 7.4 ವೋಲ್ಟಿನ, ಬ್ಯಾಟರಿಗೆಂದು ತಯಾರಾದದ್ದು, ಗಾಡಿಯಲ್ಲಿದ್ದ ಬ್ಯಾಟರಿ ಮೂರು ಸೆಲ್ಲಿನ 2200 ಎಂಎಎಚ್‌ನದು. ಬ್ಯಾಲೆನ್ಸ್ ಪ್ಲಗ್ಗಿನ ಕಪ್ಪು ವೈರಿಗೂ ಅಲ್ಲಿಂದ ಎರಡು ಸೆಲ್ ದಾಟಿ ಬರುವ ವೈರಿಗೂ ನಡುವೆ ಮಲ್ಟಿಮೀಟರ್ ಹಿಡಿದಾಗ ಬೇಕಾದ ವೋಲ್ಟೇಜು ಪುಕ್ಕಟೆಯಾಗಿ ಕಾದು ಕುಳಿತಿತ್ತು. ಅದೇ ಅಳತೆಯ ಇನ್ನೊಂದು ಪ್ಲಗ್ ತಂದು, ಲೈಟಿನ ವೈರುಗಳನ್ನು ಅದಕ್ಕೆ ಸಾಲ್ಡರ್ ಮಾಡಿ, ಅಲುಗಾಡಬಾರದೆಂದು ಕೇಬಲ್ ಟೈ ಬಿಗಿದೆ.

ಇಲ್ಲಿ ಎಲ್ಲರೂ ಹೆದರುವುದು ಬ್ಯಾಲೆನ್ಸ್ ವೈರು ಸಣ್ಣದು, ಬಿಸಿಯಾಗಿ ಕರಗೀತು ಎಂದು. ಲೈಟಿನ ಮಟ್ಟಿಗೆ ಅದು ತಪ್ಪು ಹೆದರಿಕೆ. ಆ ಜೆಎಸ್‌ಟಿ-ಎಕ್ಸ್‌ಎಚ್ ಪ್ಲಗ್ಗಿನ ಒಂದೊಂದು ಪಿನ್ನೂ ತಕ್ಕ ವೈರಿನೊಂದಿಗೆ 3 ಆಂಪಿಯರ್ ತಡೆಯುವಂಥದು, ನನ್ನ ಲೈಟು ಎಳೆಯುತ್ತಿದ್ದುದು ಅರ್ಧ ಆಂಪಿಯರ್. ವೈರು ಬೆಚ್ಚಗೂ ಆಗಲಿಲ್ಲ. ಹಾನಿ ನಡೆಯುತ್ತಿದ್ದುದು ಕಣ್ಣಿಗೂ ಕೈಗೂ ಸಿಗದ ಕಡೆಯಲ್ಲಿ.

ಸರಣಿಯಲ್ಲಿ ಜೋಡಿಸಿದ ಮೂರು ಸೆಲ್‌ಗಳು ಸಾಲಾಗಿ ನಿಂತು ಬಿಂದಿಗೆಯನ್ನು ಕೈಯಿಂದ ಕೈಗೆ ದಾಟಿಸುವ ಮೂವರಂತೆ: ಒಬ್ಬನ ಕೈ ದಾಟಿದ ಬಿಂದಿಗೆ ಮೂವರ ಕೈಯನ್ನೂ ದಾಟಲೇಬೇಕು, ಆದ್ದರಿಂದ ಮೂವರೂ ಒಟ್ಟಿಗೇ ದಣಿಯುತ್ತಾರೆ. ಮೋಟಾರಿಗೆ ಹೋಗುವ ಕರೆಂಟು ಹೀಗೆ ಮೂರೂ ಸೆಲ್‌ಗಳನ್ನು ಹಾದು ಬರುತ್ತದೆ. ಎರಡು ಸೆಲ್‌ಗಳಿಂದ ಮಾತ್ರ ತೆಗೆದ ಲೈಟಿನ ಕರೆಂಟು ಮೂರನೆಯದನ್ನು ಮುಟ್ಟುವುದೇ ಇಲ್ಲ. ವೇಗದ ಗಾಡಿಯಾಗಿದ್ದರೆ ಈ ವ್ಯತ್ಯಾಸ ಅಷ್ಟಾಗಿ ಕಾಣುತ್ತಿರಲಿಲ್ಲ, ಏಕೆಂದರೆ ಅಲ್ಲಿ ಮೋಟಾರೇ ಹದಿನೈದು ಇಪ್ಪತ್ತು ನಿಮಿಷದಲ್ಲಿ ಬ್ಯಾಟರಿಯನ್ನು ಮುಗಿಸುತ್ತದೆ, ಲೈಟಿನ ಪಾಲು ಲೆಕ್ಕಕ್ಕೆ ಬರುವುದಿಲ್ಲ. ಕ್ರಾಲರ್ ಹಾಗಲ್ಲ. ಅದು ತೆವಳುತ್ತದೆ, ನಿಲ್ಲುತ್ತದೆ, ಮತ್ತೆ ತೆವಳುತ್ತದೆ. ಮೋಟಾರು ಸರಾಸರಿ ಒಂದು ಆಂಪಿಯರ್ ಕೂಡ ಕೇಳದ ಸಂಜೆಗಳುಂಟು. ಒಂದೂವರೆ ಗಂಟೆಯ ಓಟದಲ್ಲಿ ಮೋಟಾರೂ ಸ್ಟೀರಿಂಗ್ ತಿರುಗಿಸುವ ಸರ್ವೋವೂ ಕೂಡಿ 1400 ಎಂಎಎಚ್ ಬಳಸಿದರೆ, ಅರ್ಧ ಆಂಪಿಯರಿನ ಲೈಟು ಅಷ್ಟೇ ಸಮಯದಲ್ಲಿ 750 ಎಂಎಎಚ್ ಬಳಸಿರುತ್ತದೆ. ಅಂದರೆ ಮೂರನೆಯ ಸೆಲ್ಲಿನಲ್ಲಿ ಇನ್ನೂ 800 ಉಳಿದಿರುವಾಗ ಉಳಿದೆರಡರಲ್ಲಿ ಇರುವುದು ಬರೀ 50.

ಇಷ್ಟಾದರೂ ಮೋಟಾರಿನ ವೇಗ ನಿಯಂತ್ರಿಸುವ, ಬ್ಯಾಟರಿ ತೀರಾ ಇಳಿದರೆ ಮೋಟಾರನ್ನು ನಿಲ್ಲಿಸುವ ಇಎಸ್‌ಸಿ ಗಾಡಿಯನ್ನು ಏಕೆ ನಿಲ್ಲಿಸಲಿಲ್ಲ ಎಂದು ನೀವು ಕೇಳಬಹುದು. ನಾನೂ ಅದನ್ನೇ ನಂಬಿ ಕುಳಿತಿದ್ದೆ. ನಮ್ಮ ಇಎಸ್‌ಸಿಗಳಿಗೆ ಬ್ಯಾಲೆನ್ಸ್ ಪ್ಲಗ್ಗಿನ ಸಂಪರ್ಕವಿರುವುದಿಲ್ಲ. ಅವು ಎರಡು ದಪ್ಪ ವೈರುಗಳ ನಡುವಿನ ಒಟ್ಟು ವೋಲ್ಟೇಜನ್ನು ಮಾತ್ರ ನೋಡಿ, ಸೆಲ್‌ಗಳೆಲ್ಲ ಸಮನಾಗಿವೆ ಎಂದೇ ಊಹಿಸಿಕೊಳ್ಳುತ್ತವೆ. ಸೆಲ್ಲಿಗೆ 3.2ರಂತೆ ಕಟ್-ಆಫ್ ಇಟ್ಟರೆ ಮೂರಕ್ಕೆ 9.6. ಒಂದು ರಾತ್ರಿ ಮನೆಗೆ ಬಂದು ಅಳೆದಾಗ ಪಿನ್ನುಗಳ ನಡುವೆ 2.95, 2.98 ಮತ್ತು 3.78 ಸಿಕ್ಕಿತು. ಕೂಡಿಸಿ ನೋಡಿ: 9.71. ಇಎಸ್‌ಸಿಯ ದೃಷ್ಟಿಯಲ್ಲಿ ಎಲ್ಲವೂ ಸರಿಯಾಗಿಯೇ ಇತ್ತು. ಹೀಗೆ ಅಳೆಯಲು ನನಗೆ ಹೊಳೆದದ್ದಲ್ಲ, ಮೀಟರು ಹಿಡಿದಿದ್ದವನು ಅಕ್ಕನ ಮಗ. "ಮಾಮ, ಎರಡು ಸೆಲ್ಲು ಸತ್ತಂಗೈತೆ, ಇನ್ನೊಂದು ಚೆನ್ನಾಗೈತಲ್ಲ" ಎಂದ. ಮೀಟರಿನ ಬ್ಯಾಟರಿ ಹಳೆಯದಾಗಿರಬೇಕು ಎಂದು ನಾನು ಅವನ ಬಾಯಿ ಮುಚ್ಚಿಸಿದೆ.

ತಪ್ಪು ಇಲ್ಲಿಗೇ ನಿಂತಿದ್ದರೆ ಬ್ಯಾಟರಿಯ ಆಯುಸ್ಸು ಸ್ವಲ್ಪ ಕಡಿಮೆಯಾಗಿ ಮುಗಿಯುತ್ತಿತ್ತೇನೋ. ಆದರೆ ಬ್ಯಾಲೆನ್ಸ್ ಪ್ಲಗ್ಗನ್ನು ಲೈಟು ಆಕ್ರಮಿಸಿತ್ತು, ಅದಕ್ಕೆ ಬಿಗಿದ ಕೇಬಲ್ ಟೈಯನ್ನು ಪ್ರತಿಸಲ ಕತ್ತರಿಸುವುದು ಬೇಸರದ ಕೆಲಸವಾಗಿತ್ತು. ಹಾಗಾಗಿ ನಾನು ಚಾರ್ಜರಿನಲ್ಲಿ ಬ್ಯಾಲೆನ್ಸ್ ಚಾರ್ಜ್ ಬಿಟ್ಟು, ದಪ್ಪ ವೈರುಗಳನ್ನು ಮಾತ್ರ ಸಿಕ್ಕಿಸಿ ಸಾದಾ ಚಾರ್ಜಿಗೆ ಹಾಕತೊಡಗಿದೆ. ಚಾರ್ಜರಿಗೂ ಈಗ ಕಾಣುವುದು ಒಟ್ಟು ಮೊತ್ತವೊಂದೇ, 12.6 ಬರುವ ತನಕ ಅದು ಕರೆಂಟು ತುಂಬುತ್ತಲೇ ಹೋಗುತ್ತದೆ. ತುಂಬುವಾಗಲೂ ಮೂರಕ್ಕೂ ಒಂದೇ ಕರೆಂಟು, ಆದ್ದರಿಂದ 800 ಉಳಿಸಿಕೊಂಡಿದ್ದ ಸೆಲ್ಲು ಮೊದಲು ತುಂಬಿ, ಉಳಿದೆರಡು ಇನ್ನೂ ಮೂರರಲ್ಲಿ ಎರಡು ಪಾಲಿನಷ್ಟೇ ತುಂಬಿರುವಾಗಲೇ 4.2 ಮುಟ್ಟುತ್ತದೆ. ಚಾರ್ಜರು ಅಲ್ಲಿ ನಿಲ್ಲುವುದಿಲ್ಲ. ಎರಡು ಸೆಲ್ಲು 4.1ರಲ್ಲಿದ್ದರೆ ಒಟ್ಟು 12.6 ಆಗಲು ಮೂರನೆಯದು 4.4ಕ್ಕೆ ಏರಲೇಬೇಕು. ಲಿಪೋ ಸೆಲ್ಲಿಗೆ 4.2 ಎಂಬುದು ಗಡಿ. ಅದನ್ನು ದಾಟಿ ತುಂಬಿದರೆ ಒಳಗಿನ ದ್ರಾವಣ ಒಡೆದು ಅನಿಲವಾಗುತ್ತದೆ, ಕೆಲವೊಮ್ಮೆ ಬೆಂಕಿಯೂ ಹತ್ತುತ್ತದೆ. ಹೀಗೆ ಒಂದೇ ವೈರಿನ ಜೋಡಣೆಯಿಂದ ನಾನು ಎರಡು ಸೆಲ್‌ಗಳನ್ನು ಬರಿದು ಮಾಡಿ ಕೆಡಿಸಿದೆ, ಮೂರನೆಯದನ್ನು ತುಂಬಿ ಕೆಡಿಸಿದೆ. ಬ್ಯಾಟರಿ ಎಷ್ಟು ಉಬ್ಬಿತೆಂದರೆ ಗಾಡಿಯ ಟ್ರೇಯಿಂದ ಅದನ್ನು ಹೊರಗೆ ತೆಗೆಯಲು ಟ್ರೇಯ ಸ್ಕ್ರೂಗಳನ್ನೇ ಬಿಚ್ಚಬೇಕಾಯಿತು. ನಮ್ಮ ಹುಡುಗ ಏನೂ ಅನ್ನಲಿಲ್ಲ. ಮೀಟರಿಗೆ ಹೊಸ ಬ್ಯಾಟರಿ ತಂದು ಹಾಕಿಟ್ಟ, ಅಷ್ಟೇ.

ಹಾಗಾದರೆ ಎರಡು ಸೆಲ್ಲಿನ ಬದಲು ಪ್ಲಗ್ಗಿನ ಎರಡೂ ತುದಿಯ ಪಿನ್ನುಗಳಿಂದ ಪೂರ್ತಿ 11.1 ತೆಗೆದುಕೊಂಡರೆ ಸಮವಾಗುವುದಿಲ್ಲವೇ ಎಂಬ ಯೋಚನೆ ನಿಮಗೆ ಬಂದೇ ಬರುತ್ತದೆ. ಸೆಲ್‌ಗಳು ಸಮನಾಗಿ ಇಳಿಯುತ್ತವೆ, ನಿಜ. ಆದರೂ ಬೇಡ. ರಿಮೋಟಿನ ಸಿಗ್ನಲ್ ಹಿಡಿಯುವ ರಿಸೀವರಿನ ಮೂಲಕ ಹೊತ್ತಿಸಿ ಆರಿಸುವ ಲೈಟಾಗಿದ್ದರೆ ಅದರ ನೆಗೆಟಿವ್ ವೈರು ರಿಸೀವರಿನ ನೆಗೆಟಿವ್‌ಗೆ, ಅಲ್ಲಿಂದ ಇಎಸ್‌ಸಿಯ ನೆಗೆಟಿವ್‌ಗೆ ಸೇರಿರುತ್ತದೆ. ಬಂಡೆಯಿಂದ ಬಂಡೆಗೆ ಬೀಳುವ ಗಾಡಿಯಲ್ಲಿ ದಪ್ಪ ಕಪ್ಪು ವೈರಿನ ಸಂಪರ್ಕ ಒಂದು ಕ್ಷಣ ಸಡಿಲವಾದರೂ ಸಾಕು, ಮೋಟಾರಿನ ಇಡೀ ಕರೆಂಟು ಮರಳಿ ಬರಲು ಉಳಿಯುವ ದಾರಿ ರಿಸೀವರಿನ ಕೂದಲಿನಷ್ಟು ಸಣ್ಣ ವೈರು ಮತ್ತು ಈ ಬ್ಯಾಲೆನ್ಸ್ ವೈರು. ಸಣ್ಣ ವೈರು ಕರಗೀತೆಂಬ ಹೆದರಿಕೆಗೆ ಅರ್ಥ ಬರುವುದು ಇಲ್ಲಿ.

ಇನ್ನು ನಿಮ್ಮ ಎರಡನೆಯ ಯೋಚನೆ. ಪ್ರತ್ಯೇಕ ಬ್ಯಾಟರಿ ಸುರಕ್ಷಿತ ಎಂದು ಬರೆದಿದ್ದೀರಿ; ನಾನು ಒಪ್ಪುವುದಿಲ್ಲ. ಆ ಚಿಕ್ಕ ಲಿಪೋವನ್ನು ಯಾವ ಇಎಸ್‌ಸಿಯೂ ಕಾಯುವುದಿಲ್ಲ, ಅದು ಮುಗಿಯುವುದು ಲೈಟು ಮಂಕಾದಾಗಲಷ್ಟೇ ತಿಳಿಯುತ್ತದೆ, ಅಷ್ಟರಲ್ಲಿ ಅದು ಕೆಟ್ಟಿರುತ್ತದೆ. ಮುಖ್ಯ ಬ್ಯಾಟರಿಯಲ್ಲಾದರೆ ವೋಲ್ಟೇಜು ಇಳಿದಾಗ ಗಾಡಿಯೇ ನಿಂತು ನಿಮ್ಮನ್ನು ಎಚ್ಚರಿಸುತ್ತದೆ. ಚಾರ್ಜು ಮಾಡಲು ಇನ್ನೊಂದು, ಮರೆಯಲು ಇನ್ನೊಂದು ಏಕೆ ಬೇಕು?

ನಾನು ಈಗ ಮಾಡಿರುವುದು, ನೀವೂ ಮಾಡಬೇಕೆಂದು ಹೇಳುವುದು ಇಷ್ಟು. ಇಎಸ್‌ಸಿಯಿಂದ ಬ್ಯಾಟರಿಯ ಕಡೆಗೆ ಬರುವ ದಪ್ಪ ಕೆಂಪು, ಕಪ್ಪು ವೈರುಗಳಿಗೆ, ಅಂದರೆ ಇಎಸ್‌ಸಿಯ ಸ್ವಂತ ಎಕ್ಸ್‌ಟಿ60 ಪ್ಲಗ್ಗಿನ ಹಿಂಬದಿಯ ಕಾಲುಗಳಿಗೇ, ಇನ್ನೊಂದು ಜೊತೆ ವೈರನ್ನು ಸಾಲ್ಡರ್ ಮಾಡಿ ಹೀಟ್ ಶ್ರಿಂಕ್ (ಬಿಸಿಗೆ ಬಿಗಿಯುವ ಪ್ಲಾಸ್ಟಿಕ್ ಕೊಳವೆ) ಹಾಕಿ. ಮಾರುವ ವೈ-ಕೇಬಲ್ಲುಗಳಿಗಿಂತ ಇದು ಮೇಲು, ಏಕೆಂದರೆ ಬ್ಯಾಟರಿಗೂ ಗಾಡಿಗೂ ನಡುವೆ ಒಂದೇ ಪ್ಲಗ್ ಇರುತ್ತದೆ, ಅದನ್ನು ಎಳೆದರೆ ಎಲ್ಲವೂ ಒಟ್ಟಿಗೇ ಸತ್ತುಹೋಗುತ್ತದೆ. ಇದು ಮುಖ್ಯ: ಇಎಸ್‌ಸಿಯ ಸ್ವಿಚ್ಚು ಆರಿಸಿದರೆ ಈ ಹೊಸ ವೈರಿನ ಲೈಟು ಆರುವುದಿಲ್ಲ, ಕಟ್-ಆಫ್ ಬಂದರೂ ಆರುವುದಿಲ್ಲ. ಪ್ಲಗ್ ಎಳೆಯಲೇಬೇಕು.

ಕೆಂಪು ವೈರಿನಲ್ಲಿ, ಸಾಲ್ಡರ್ ಮಾಡಿದ ಜಾಗಕ್ಕೆ ಆದಷ್ಟು ಹತ್ತಿರದಲ್ಲಿ, ಫ್ಯೂಸು ಇರಲಿ. ಹೊಳಲ್ಕೆರೆ ರಸ್ತೆಯಲ್ಲಾಗಲಿ ನಿಮ್ಮ ದಾವಣಗೆರೆಯ ಪಿ.ಬಿ. ರಸ್ತೆಯಲ್ಲಾಗಲಿ ಬೈಕಿನ ಎಲೆಕ್ಟ್ರಿಕಲ್ ಸಾಮಾನು ಮಾರುವ ಅಂಗಡಿಗಳಲ್ಲಿ ಫ್ಯೂಸ್ ಹೋಲ್ಡರ್ ಸಿಗುತ್ತದೆ, ಇದಕ್ಕಾಗಿ ಆನ್‌ಲೈನಿನಲ್ಲಿ ತರಿಸಿ ಕಾಯಬೇಕಿಲ್ಲ. ಫ್ಯೂಸಿರುವುದು ಲೈಟನ್ನು ಕಾಪಾಡಲು ಅಲ್ಲ, ವೈರನ್ನು ಕಾಪಾಡಲು. 2200 ಎಂಎಎಚ್, 30ಸಿ (ಸಾಮರ್ಥ್ಯದ 30 ಪಟ್ಟು ಕರೆಂಟು) ಎಂದು ಬರೆದಿರುವ ಬ್ಯಾಟರಿ ಆ ಲೆಕ್ಕದಲ್ಲಿ 66 ಆಂಪಿಯರ್ ಕೊಡಬಲ್ಲದು. ಬಂಡೆಗೆ ಉಜ್ಜಿ ವೈರಿನ ಮೈ ಸುಲಿದು ಎರಡೂ ಸೇರಿದರೆ ಅಷ್ಟೂ ಆ ಸಣ್ಣ ವೈರಿನಲ್ಲಿ ಹರಿಯುತ್ತದೆ. ಲೈಟಿನ ವೈರಿಗೆ 2 ಅಥವಾ 3 ಆಂಪಿಯರಿನ ಫ್ಯೂಸು ಸಾಕು.

ಲೈಟಿಗೆ ವೋಲ್ಟೇಜು ಇಳಿಸಲು ಎಲ್‌ಎಂ2596 ಚಿಪ್ಪಿನ ಚಿಕ್ಕ ಬೋರ್ಡು ಧಾರಾಳವಾಯಿತು. ಲೈಟು ಜೋಡಿಸುವ ಮೊದಲೇ ಮೀಟರ್ ಹಿಡಿದು ಸ್ಕ್ರೂ ತಿರುಗಿಸಿ 7.4ಕ್ಕೆ ತನ್ನಿ, ಆಮೇಲೆ ಆ ಸ್ಕ್ರೂವಿನ ಮೇಲೆ ಒಂದು ಹನಿ ನೇಲ್ ಪಾಲಿಶ್ ಹಾಕಿ, ಇಲ್ಲದಿದ್ದರೆ ಗಾಡಿಯ ಕುಲುಕಾಟಕ್ಕೆ ಅದು ತಾನೇ ತಿರುಗುತ್ತದೆ. ನನ್ನನ್ನು ಕೇಳಿದರೆ ಆ ಸೆಟ್ಟನ್ನು ಪಕ್ಕಕ್ಕಿಟ್ಟು 12 ವೋಲ್ಟಿನ ಎಲ್‌ಇಡಿ ಪಟ್ಟಿ ತನ್ನಿ ಎನ್ನುತ್ತೇನೆ. ಅದರಲ್ಲಿ ಮೂರು ಮೂರು ಎಲ್‌ಇಡಿಗಳು ಒಂದು ರೆಸಿಸ್ಟರಿನೊಂದಿಗೆ ಸರಣಿಯಲ್ಲಿರುತ್ತವೆ, ಮೂರು ಸೆಲ್ಲಿನ ಬ್ಯಾಟರಿಗೆ ನೇರವಾಗಿ ಹಾಕಬಹುದು. ಬ್ಯಾಟರಿ 10 ವೋಲ್ಟಿನ ಹತ್ತಿರ ಬಂದಾಗ ಬೆಳಕು ಕಣ್ಣಿಗೆ ಕಾಣುವಷ್ಟು ಕುಂದುತ್ತದೆ, ಅದೂ ಒಂದು ಎಚ್ಚರಿಕೆಯೇ.

ವಿಂಚಿನ ವಿಷಯ ಬೇರೆ. ಅದನ್ನು ರಿಸೀವರಿನ ಖಾಲಿ ಚಾನೆಲ್ಲಿನ ಕರೆಂಟಿನಿಂದ ಓಡಿಸುವ ಯೋಚನೆಯನ್ನು ಬಿಟ್ಟುಬಿಡಿ. ರಿಸೀವರಿಗೆ ಕರೆಂಟು ಬರುವುದು ಇಎಸ್‌ಸಿಯ ಒಳಗೆ ವೋಲ್ಟೇಜು ಇಳಿಸಿ ಕೊಡುವ ಬಿಇಸಿ ಎಂಬ ಭಾಗದಿಂದ. ಅದರ ಶಕ್ತಿ ಸಾಮಾನ್ಯವಾಗಿ 2-3 ಆಂಪಿಯರ್, ಕಲ್ಲಿಗೆ ಚಕ್ರ ಸಿಕ್ಕಿಕೊಂಡಾಗ ಬಲವಾದ ಸ್ಟೀರಿಂಗ್ ಸರ್ವೋ ಒಂದೇ ಅಷ್ಟನ್ನು ಕೇಳುತ್ತದೆ. ಅದೇ ಹೊತ್ತಿಗೆ ವಿಂಚಿನ ಹಗ್ಗವೂ ಬಿಗಿದರೆ ವೋಲ್ಟೇಜು ಕುಸಿದು ರಿಸೀವರು ರೀಸೆಟ್ ಆಗುತ್ತದೆ, ಗಾಡಿ ಇಳಿಜಾರಿನಲ್ಲಿ ನಿಮ್ಮ ಮಾತು ಕೇಳುವುದನ್ನು ನಿಲ್ಲಿಸುತ್ತದೆ. ವಿಂಚಿನ ಕಂಟ್ರೋಲರು 3 ಸೆಲ್ ತಡೆಯುವಂಥದಾಗಿದ್ದರೆ ಅದಕ್ಕೆ ಪ್ಲಗ್ಗಿನ ಹಿಂಬದಿಯಿಂದಲೇ ಇನ್ನೊಂದು ಜೊತೆ ದಪ್ಪ ಸಿಲಿಕಾನ್ ವೈರು, ಕೆಂಪು ಬಣ್ಣದ 10 ಆಂಪಿಯರ್ ಫ್ಯೂಸು. ರಿಸೀವರಿನಿಂದ ಸಿಗ್ನಲ್ ಮಾತ್ರ. ಸರ್ವೋಗಾಗಿ ಹೊರಗಿನ ಬಿಇಸಿ ಹಾಕಿ ಅದರಿಂದಲೇ ರಿಸೀವರಿಗೂ ಕರೆಂಟು ಕೊಡುವುದಾದರೆ, ಇಎಸ್‌ಸಿಯಿಂದ ರಿಸೀವರಿಗೆ ಬರುವ ಮೂರು ವೈರುಗಳಲ್ಲಿ ಕೆಂಪನ್ನು ಪ್ಲಗ್ಗಿನಿಂದ ಹೊರಗೆಳೆದು ಟೇಪು ಸುತ್ತಿ, ಇಲ್ಲವಾದರೆ ಎರಡು ಬಿಇಸಿಗಳು ಒಂದರ ಮೇಲೊಂದು ಕರೆಂಟು ದೂಡುತ್ತವೆ.

ಬ್ಯಾಲೆನ್ಸ್ ಪ್ಲಗ್ಗಿಗೆ ಓಡಿಸುವಾಗ ಸಿಕ್ಕಿಸಬಹುದಾದದ್ದು ವೋಲ್ಟೇಜ್ ಬಜರ್ ಒಂದನ್ನೇ. ಅದು ಪ್ರತಿ ಸೆಲ್ಲನ್ನೂ ಬೇರೆಬೇರೆಯಾಗಿ ನೋಡುತ್ತದೆ, 3.5ಕ್ಕೆ ಹೊಂದಿಸಿಟ್ಟರೆ ಯಾವ ಒಂದು ಸೆಲ್ಲು ಇಳಿದರೂ ಕೂಗುತ್ತದೆ. ಮನೆಗೆ ಬಂದ ಮೇಲೆ ಅದನ್ನೂ ಕಿತ್ತಿಡಿ.

ಆಗಲೇ ಕೆಲವು ಸಲ ಎರಡು ಪಿನ್ನುಗಳಿಂದ ಲೈಟು ಓಡಿಸಿ ನೋಡಿದ್ದೇನೆ ಎಂದಿದ್ದೀರಲ್ಲ, ಆ ಬ್ಯಾಟರಿಯನ್ನು ಚಾರ್ಜಿಗೆ ಹಾಕುವ ಮೊದಲು ಒಂದೊಂದು ಸೆಲ್ಲನ್ನೂ ಅಳೆಯಿರಿ. ಉಬ್ಬಿದ್ದರೆ ಅಥವಾ ಯಾವುದಾದರೂ ಸೆಲ್ಲು 2.5ಕ್ಕಿಂತ ಕೆಳಗಿದ್ದರೆ ಮತ್ತೆ ಚಾರ್ಜು ಮಾಡಬೇಡಿ. ಬಯಲಿನಲ್ಲಿಟ್ಟು, ಬೈಕಿನ 12 ವೋಲ್ಟಿನ ಬಲ್ಬು ಜೋಡಿಸಿ ಪೂರ್ತಿ ಬರಿದು ಮಾಡಿ, ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ. ಹಾಗಿಲ್ಲದಿದ್ದರೆ ಕಡಿಮೆ ಕರೆಂಟಿನಲ್ಲಿ ಬ್ಯಾಲೆನ್ಸ್ ಚಾರ್ಜಿಗೇ ಹಾಕಿ ಪಕ್ಕದಲ್ಲೇ ಕುಳಿತುಕೊಳ್ಳಿ. ಚಿಕ್ಕ ಚಾರ್ಜರುಗಳು ಸೆಲ್‌ಗಳನ್ನು ಸಮ ಮಾಡುವ ಕರೆಂಟು ತೀರಾ ಕಡಿಮೆ, ಗಂಟೆಗಟ್ಟಲೆ ಹಿಡಿಯುತ್ತದೆ. ಮಾರನೆಯ ದಿನ ಮತ್ತೆ ಅಳೆದಾಗ ಮೂರೂ ಸೆಲ್ಲು ಹೆಚ್ಚುಕಡಿಮೆ ಒಂದೇ ಅಂಕಿ ತೋರಿಸಿದರೆ ಬಳಸಬಹುದು. ಒಂದು ಸೆಲ್ಲು ತಾನಾಗಿಯೇ ಕೆಳಗಿಳಿದಿದ್ದರೆ ಅದನ್ನು ಬೆಂಚಿನ ಮೇಲೆ ಲೈಟು ಪರೀಕ್ಷಿಸಲು ಕೂಡ ಇಟ್ಟುಕೊಳ್ಳಬೇಡಿ.