ಮೊದಲ ದಿನವೇ ನಿಯಮದ ಹಾಳೆ ಕೊಟ್ಟ ಸರ್ ತುಂಬಾ ಸ್ಟ್ರಿಕ್ಟ್ ಅನಿಸ್ತಿದೆ. ಎಚ್‌ಒಡಿಗೆ (ವಿಭಾಗದ ಮುಖ್ಯಸ್ಥರಿಗೆ) ಹೇಳಬೇಕಾ, ಸೆಕ್ಷನ್ ಬದಲಿಸಿಕೊಳ್ಳಬೇಕಾ?

ಎರಡೂ ಬೇಡ.

ಬೆಳಗಾವಿಯಲ್ಲಿ ಇಂಜಿನಿಯರಿಂಗ್ ಮೂರನೇ ಸೆಮ್, ಬೈಲಹೊಂಗಲದಿಂದ ದಿನಾ ಬಸ್ಸಿನಲ್ಲಿ ಓಡಾಟ ಅಂತ ಬರೆದಿದ್ದೀರಿ. ಹತ್ತು ನಿಮಿಷ ತಡವಾದರೆ ಹಾಜರಿ ಇಲ್ಲ, ಅಸೈನ್‌ಮೆಂಟ್ ತಡವಾದರೆ ದಿನಕ್ಕೊಂದು ಅಂಕ ಕಡಿತ, ನಡತೆಗೆ 5 ಅಂಕ. ಇಷ್ಟು ಬರೆದ ಹಾಳೆಗೆ ನಿಮ್ಮಿಂದ ಸಹಿಯನ್ನೂ ಮಾಡಿಸಿಕೊಂಡಿದ್ದಾರೆ. ನಾನು ಮೂರನೇ ಸೆಮ್‌ನಲ್ಲಿದ್ದಾಗ ಅಂಥ ಹಾಳೆ ಯಾರೂ ಕೊಡಲಿಲ್ಲ. ನನ್ನ ಒಂದು ವರ್ಷ ಹೋಯಿತು.

ನಮ್ಮೂರು ಮುಧೋಳದ ಹತ್ತಿರ. ಮನೆಯಲ್ಲಿ ಕಬ್ಬು. ನಾನು ಬೆಳಗಾವಿಯಲ್ಲಿ ರೂಮ್ ಮಾಡಿಕೊಂಡು ಓದುತ್ತಿದ್ದೆ. ಆ ವರ್ಷ ಅಪ್ಪನಿಗೆ ಸೊಂಟ ನೋವು, ನಾಲ್ಕು ಹೆಜ್ಜೆ ನಡೆಯೋದೂ ಕಷ್ಟ. ಕಬ್ಬಿನ ಮನೆಯವರಿಗೆ ಗೊತ್ತಿರುತ್ತೆ, ಕಟಾವಿನ ಗ್ಯಾಂಗ್ ಬಂದಾಗ ಹೊಲದಲ್ಲಿ ಮನೆಯವರು ಒಬ್ಬರಾದರೂ ನಿಂತಿರಬೇಕು. ಟ್ರ್ಯಾಕ್ಟರ್ ತುಂಬಿಸಿ, ಕಾರ್ಖಾನೆಗೆ ಕಳಿಸಿ, ತೂಕದ ಚೀಟಿ ಕೈಗೆ ಬರೋ ತನಕ ನೆಮ್ಮದಿ ಇರಲ್ಲ. ಹಾಗಾಗಿ ಶುಕ್ರವಾರ ಸಂಜೆ ಕ್ಲಾಸ್ ಮುಗಿಸಿ ಸಿಬಿಟಿ ಬಸ್ ನಿಲ್ದಾಣಕ್ಕೆ ಹೋಗಿ, ಯರಗಟ್ಟಿ, ಲೋಕಾಪುರದ ಮೇಲೆ ಹೋಗುವ ಬಸ್ ಹತ್ತುತ್ತಿದ್ದೆ. ಭಾನುವಾರ ರಾತ್ರಿ ವಾಪಸ್.

ಶನಿವಾರ ಬೆಳಿಗ್ಗೆ ನಮ್ಮ ಬ್ಯಾಚಿಗೆ ಅನಲಾಗ್ ಎಲೆಕ್ಟ್ರಾನಿಕ್ಸ್ ಲ್ಯಾಬ್ ಇತ್ತು.

ಲ್ಯಾಬ್ ಸರ್ ಬಹಳ ಒಳ್ಳೆಯವರು. ಇವತ್ತಿಗೂ ಅವರ ಮೇಲೆ ನನಗೆ ಗೌರವ ಇದೆ. ಸ್ಟಾಫ್ ರೂಮಿಗೆ ಹೋಗಿ, "ಸರ್, ಮನ್ಯಾಗ ಕಟಾವು ನಡದೈತ್ರಿ, ಶನಿವಾರ ಬರಾಕ ಆಗಂಗಿಲ್ರಿ" ಅಂದೆ. ಅವರು ಒಂದು ಕ್ಷಣವೂ ಯೋಚಿಸಲಿಲ್ಲ. "ಇರ್ಲಿ ಬಿಡಪಾ. ಬುಧವಾರ ಮಧ್ಯಾಹ್ನ ಬಿ ಸೆಕ್ಷನ್‌ದವ್ರಿಗೆ ಲ್ಯಾಬ್ ಇರ್ತೈತಿ, ಅವರ ಜೋಡಿ ಕುಂತು ಮುಗಿಸ್ಕೊ. ರೆಕಾರ್ಡ್ ಕಂಪ್ಲೀಟ್ ಇದ್ರ ಆತು" ಅಂದರು. ಬುಧವಾರ ಮಧ್ಯಾಹ್ನ ನಮಗೆ ಕ್ಲಾಸ್ ಇರಲಿಲ್ಲ. ನನಗೆ ಎಷ್ಟು ಖುಷಿಯಾಯಿತು ಅಂದರೆ, ಅಪ್ಪನಿಗೆ ಫೋನ್ ಮಾಡಿ "ಸರ್ ಒಪ್ಪಿದ್ರು" ಅಂತ ಹೇಳಿದೆ.

ನನ್ನ ತಪ್ಪು ಇಲ್ಲೇ ಆಗಿದ್ದು. ಮೇಲ್ನೋಟಕ್ಕೆ ತಪ್ಪೇ ಅಲ್ಲ ಅನಿಸುತ್ತೆ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳ್ತೇನೆ.

ಲ್ಯಾಬಿನಲ್ಲಿ ಎರಡು ಪುಸ್ತಕ ಇರುತ್ತವೆ. ಒಂದು ನಿಮ್ಮ ರೆಕಾರ್ಡ್. ಸರ್ಕ್ಯೂಟ್ ಬರೆದು, ರೀಡಿಂಗ್ ತುಂಬಿ, ಗ್ರಾಫ್ ಅಂಟಿಸಿ, ಸಹಿ ಹಾಕಿಸಿಕೊಳ್ಳುವಂಥದ್ದು. ಇನ್ನೊಂದು ಸರ್ ಹತ್ತಿರ ಇರುವ ಹಾಜರಿ ರಿಜಿಸ್ಟರ್. ರೆಕಾರ್ಡ್ ಹೇಳೋದು ನೀವು ಪ್ರಯೋಗ ಮಾಡಿದ್ದೀರಿ ಅಂತ. ರಿಜಿಸ್ಟರ್ ಹೇಳೋದು ನಿಮ್ಮ ಬ್ಯಾಚಿಗೆ ಲ್ಯಾಬ್ ನಡೆದ ದಿನ ನೀವು ಅಲ್ಲಿದ್ದಿರಿ ಅಂತ. ನಾನು ಪ್ರತಿ ಬುಧವಾರ ಹೋದೆ. ಬ್ರೆಡ್ ಬೋರ್ಡ್ ಮೇಲೆ ಕ್ಲಿಪ್ಪರ್ ಕಟ್ಟಿದೆ, ಆರ್‌ಸಿ ಕಪಲ್ಡ್ ಆಂಪ್ಲಿಫೈಯರ್ ಕಟ್ಟಿದೆ, ಸಿಆರ್‌ಒ ಪರದೆಯಲ್ಲಿ ಅಲೆ ಸರಿಯಾಗಿ ಬರೋ ತನಕ ಕೂತೆ. ನನ್ನ ರೆಕಾರ್ಡ್ ಕ್ಲಾಸಿನಲ್ಲೇ ಎಲ್ಲರಿಗಿಂತ ಚೆನ್ನಾಗಿತ್ತು. ಆದರೆ ಬಿ ಸೆಕ್ಷನ್ ರಿಜಿಸ್ಟರಿನಲ್ಲಿ ನನ್ನ ಹೆಸರೇ ಇಲ್ಲ. ಅವರ ಹಾಜರಿ ಕೂಗುವಾಗ ನನ್ನ ನಂಬರ್ ಬರೋದೇ ಇಲ್ಲ. ನಮ್ಮ ಸೆಕ್ಷನ್ ರಿಜಿಸ್ಟರಿನಲ್ಲಿ ಹೆಸರಿದೆ, ಆದರೆ ಅಲ್ಲಿ ಬುಧವಾರದ ಕಾಲಂ ಇಲ್ಲ. ನಾನು ಕೂತ ಅಷ್ಟೂ ಗಂಟೆಗಳು ಯಾರ ಪುಸ್ತಕಕ್ಕೂ ಸೇರಲಿಲ್ಲ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು.

ದೀಪಾವಳಿ ಸುತ್ತಮುತ್ತ ಆ ಸರ್‌ಗೆ ಬೇರೆ ಕಡೆ ಕೆಲಸ ಸಿಕ್ಕಿತು, ಬಿಟ್ಟು ಹೋದರು. ಅವರ ಜಾಗಕ್ಕೆ ಬಂದ ಮೇಡಂ ಕೈಗೆ ಸಿಕ್ಕಿದ್ದು ರಿಜಿಸ್ಟರ್ ಮಾತ್ರ. ಸರ್ ನನಗೆ ಹೇಳಿದ್ದ ಮಾತು ಅದರ ಯಾವ ಪುಟದಲ್ಲೂ ಇರಲಿಲ್ಲ.

ಸೆಮಿಸ್ಟರ್ ಕೊನೆಗೆ ಹಾಜರಿ ಕಡಿಮೆ ಇದ್ದವರ ಶಾರ್ಟೇಜ್ ಪಟ್ಟಿ ಹಚ್ಚಿದರು. ನನ್ನ ಹೆಸರಿತ್ತು. ಮೇಡಂ ರಿಜಿಸ್ಟರ್ ತೆಗೆದು ನನ್ನ ಮುಂದಿಟ್ಟರು. ನಮ್ಮ ಕಡೆ ಹಾಜರಿ ಹೇಗೆ ಹಾಕ್ತಾರೆ ನಿಮಗೆ ಗೊತ್ತಲ್ವಾ, ಬಂದ ದಿನ 1, 2, 3 ಅಂತ ಅಂಕಿ ಏರುತ್ತಾ ಹೋಗುತ್ತೆ, ಬರದ ದಿನ ಕೆಂಪು ಶಾಯಿಯಲ್ಲಿ ಎ. ಮೇಲಿನ ಸಾಲಿನವನದು ಸಲೀಸಾಗಿ ಏರಿತ್ತು. ನನ್ನ ಸಾಲಿನಲ್ಲಿ ಅಂಕಿ ಒಂದು ಕಡೆ ನಿಂತುಬಿಟ್ಟಿತ್ತು, ಅಲ್ಲಿಂದ ಮುಂದೆ ಬರೀ ಕೆಂಪು. ಮೇಡಂ ಹಳೆಯ ಸರ್‌ಗೆ ಫೋನ್ ಕೂಡ ಮಾಡಿದರು. "ಹೌದು, ಹುಡುಗ ಬರ್ತಿದ್ದ" ಅಂತ ಅವರು ಹೇಳಿದರು. ಎಚ್‌ಒಡಿ ಹೇಳಿದ್ದು ಒಂದೇ ಮಾತು: ಕಳೆದ ತಾರೀಖಿನ ರಿಜಿಸ್ಟರ್ ತಿದ್ದೋಕೆ ಬರಲ್ಲ. ನನಗೆ ಆಗ ಅವರ ಮೇಲೆ ವಿಪರೀತ ಸಿಟ್ಟು ಬಂದಿತ್ತು. ಈಗ ಇಲ್ಲ. ಅವರು ಹೇಳಿದ್ದೇ ಸರಿ.

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ನಿಯಮದಲ್ಲಿ ಪ್ರತಿ ವಿಷಯಕ್ಕೂ 85 ಪರ್ಸೆಂಟ್ ಹಾಜರಿ ಬೇಕು. ಕಾಯಿಲೆ, ಕ್ರೀಡೆ ಅಂಥ ಕಾರಣಕ್ಕೆ ದಾಖಲೆ ಇದ್ದರೆ, ಪ್ರಿನ್ಸಿಪಾಲ್ ಶಿಫಾರಸು ಮಾಡಿದರೆ, ಕುಲಪತಿಗಳು 10 ಪರ್ಸೆಂಟ್ ತನಕ ಮನ್ನಾ ಮಾಡಬಹುದು. 75ರ ಕೆಳಗೆ ಹೋದರೆ ಯಾರ ಕೈಯಲ್ಲೂ ಏನೂ ಇಲ್ಲ. ನಾನು ಅದರ ಕೆಳಗಿದ್ದೆ. ನಮ್ಮ ಸ್ಕೀಮಿನಲ್ಲಿ, ಅಂದರೆ ನಮ್ಮ ಬ್ಯಾಚಿನ ಪಠ್ಯಕ್ರಮದ ನಿಯಮದಲ್ಲಿ, ಒಂದು ವಿಷಯದಲ್ಲಿ ಕಡಿಮೆಯಾದರೂ ಇಡೀ ಸೆಮಿಸ್ಟರ್ ಮತ್ತೆ ಮಾಡಬೇಕಿತ್ತು. ಮೂರನೇ ಸೆಮ್ ಕ್ಲಾಸ್ ಮತ್ತೆ ಶುರುವಾಗೋದು ಮುಂದಿನ ವರ್ಷ. ಜೂನಿಯರ್‌ಗಳ ಜೊತೆ ಕೂತೆ. ಸ್ಕಾಲರ್‌ಶಿಪ್ ನಿಂತಿತು. ಮುಂದೆ ಪ್ರತಿ ಇಂಟರ್ವ್ಯೂನಲ್ಲೂ ಅದೇ ಪ್ರಶ್ನೆ, ಈ ಒಂದು ವರ್ಷ ಏನಾಯಿತು ಅಂತ. ಅಪ್ಪ ಬೈಯಲಿಲ್ಲ. ಕಬ್ಬಿನಿಂದಲೇ ಹೀಗಾಯಿತು ಅಂತ ತಾವೇ ನೊಂದುಕೊಂಡರು. ನನಗೆ ಅದೇ ಜಾಸ್ತಿ ಕಷ್ಟವಾಗಿದ್ದು.

ನಾನು ಮಾಡಬೇಕಿದ್ದದ್ದು ಅರ್ಧ ಪುಟದ ಒಂದು ಅರ್ಜಿ. "ಶನಿವಾರದ ಲ್ಯಾಬನ್ನು ಬುಧವಾರ ಬಿ ಸೆಕ್ಷನ್ ಜೊತೆ ಮಾಡಲು ಮತ್ತು ಹಾಜರಿಯನ್ನು ಅಲ್ಲೇ ಹಾಕಲು ಅನುಮತಿ ಕೊಡಬೇಕು" ಅಂತ ಎಚ್‌ಒಡಿಗೆ ಬರೆದು, ಲ್ಯಾಬ್ ಸರ್ ಸಹಿ ಹಾಕಿಸಿ ಕೊಟ್ಟಿದ್ದರೆ ಸಾಕಿತ್ತು. ಒಪ್ಪಿದ್ದರೆ ಬಿ ಸೆಕ್ಷನ್ ರಿಜಿಸ್ಟರಿನ ಕೊನೆಯ ಸಾಲಿನಲ್ಲಿ ನನ್ನ ಹೆಸರು ಬರುತ್ತಿತ್ತು. ಒಪ್ಪದಿದ್ದರೂ ಒಳ್ಳೆಯದೇ ಆಗುತ್ತಿತ್ತು, ಇದನ್ನು ಗಮನಿಸಿ. ಆಗಲ್ಲ ಅಂತ ಮೊದಲೇ ಗೊತ್ತಾಗಿದ್ದರೆ ಹೊಲಕ್ಕೆ ಕಾಕಾನನ್ನು ನಿಲ್ಲಿಸಿ ನಾನು ಶನಿವಾರ ಲ್ಯಾಬಿಗೆ ಹೋಗುತ್ತಿದ್ದೆ. ಕಾಕಾ ಕೇಳಿದರೆ ಇಲ್ಲ ಅನ್ನುವ ಮನುಷ್ಯ ಅಲ್ಲ. ಬಾಯಿಮಾತಿನ ಒಪ್ಪಿಗೆ ಸಿಕ್ಕಿದ್ದರಿಂದ ನಾನು ಅವರನ್ನು ಕೇಳಲೇ ಇಲ್ಲ.

ಈಗ ನಾನು ಒಂದು ಕಾಲೇಜಿನ ಪರೀಕ್ಷಾ ವಿಭಾಗದಲ್ಲಿ ಕೆಲಸ ಮಾಡ್ತೇನೆ. ಪ್ರತಿ ಸೆಮಿಸ್ಟರ್ ಶಾರ್ಟೇಜ್ ಪಟ್ಟಿ ಹಚ್ಚಿದ ಮರುದಿನ ಅಥಣಿ, ರಾಯಬಾಗ, ಸವದತ್ತಿ ಕಡೆಯಿಂದ ತಂದೆ ತಾಯಿ ಬರ್ತಾರೆ. ಹೆಚ್ಚಿನವರು ಹೇಳೋದು ಒಂದೇ: "ಸರ್ ಹೂಂ ಅಂದಿದ್ರಂತ್ರಿ." ಅದು ಸುಳ್ಳು ಅಂತ ನನಗೆ ಒಮ್ಮೆಯೂ ಅನಿಸಿಲ್ಲ. ಆದರೆ ಫೈಲಿಗೆ ಹಚ್ಚೋಕೆ ಒಂದು ಕಾಗದ ಇರಲ್ಲ.

ಆದ್ದರಿಂದ ನಿಮ್ಮ ಸರ್ ಸ್ಟ್ರಿಕ್ಟ್ ಹೌದೋ ಅಲ್ಲವೋ ಅನ್ನೋ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ಕೇಳಬೇಕಾದದ್ದು ಎರಡು: ನಿಯಮ ಬರವಣಿಗೆಯಲ್ಲಿ ಇದೆಯಾ? ಎಲ್ಲರಿಗೂ ಒಂದೇನಾ? ನಿಮ್ಮ ಸರ್ ಬರೆದು ಕೊಟ್ಟಿದ್ದಾರೆ. ಆ ಸಹಿ ನಿಮ್ಮನ್ನು ಕಟ್ಟಿಹಾಕುವಷ್ಟೇ ಅವರನ್ನೂ ಕಟ್ಟಿಹಾಕುತ್ತೆ. ಒಂಬತ್ತು ನಿಮಿಷ ತಡವಾಗಿ ಹೋದ ನಿಮಗೆ ಅವರು ಹಾಜರಿ ಕೊಡಲೇಬೇಕು. ಹಾಳೆಯ ಫೋಟೋ ತೆಗೆದಿಟ್ಟುಕೊಳ್ಳಿ, ಇವತ್ತೇ.

ಒಟ್ಟು ಪರ್ಸೆಂಟೇಜ್ ನೋಡಿ ಸಮಾಧಾನ ಮಾಡಿಕೊಳ್ಳಬೇಡಿ. ಲೆಕ್ಕ ವಿಷಯವಾರು ನಡೆಯುತ್ತೆ. ಒಂದು ವಿಷಯಕ್ಕೆ 40 ಕ್ಲಾಸ್ ಆದರೆ 34 ಬೇಕು, ಅಂದರೆ 6 ತಪ್ಪಿಸಬಹುದು. 10ರ ತನಕ ದಾಖಲೆ ಇದ್ದರೆ ಮನ್ನಾಕ್ಕೆ ಕಳಿಸಬಹುದು, 11ನೆಯದಕ್ಕೆ ದಾರಿ ಮುಚ್ಚಿತು. ಲ್ಯಾಬ್ ಇನ್ನೂ ಬಿಗಿ. ವಾರಕ್ಕೊಂದರಂತೆ 14 ಲ್ಯಾಬ್ ಅಂದರೆ ಎರಡು ತಪ್ಪಿಸಿದರೆ ನಡೆಯುತ್ತೆ, ಮೂರಕ್ಕೆ ಮನ್ನಾ ಬೇಕು, ನಾಲ್ಕು ತಪ್ಪಿದರೆ 71 ಪರ್ಸೆಂಟ್, ಅಲ್ಲಿಗೆ ಮುಗಿಯಿತು. ಉಳಿದ ಎಲ್ಲ ವಿಷಯದಲ್ಲಿ 95 ಇದ್ದರೂ ಇದಕ್ಕೆ ಉಪಯೋಗಕ್ಕೆ ಬರಲ್ಲ. ಈಗಿನ ಸ್ಕೀಮಿನಲ್ಲಿ ಆ ಒಂದು ವಿಷಯದ ಪರೀಕ್ಷೆಗೆ ಮಾತ್ರ ಕೂರಿಸಲ್ಲ, ನಮಗಿಂತ ನಿಮಗೆ ಅಷ್ಟು ಸಲೀಸು. ಆದರೂ ಆ ವಿಷಯವನ್ನು ಮತ್ತೆ ರಿಜಿಸ್ಟರ್ ಮಾಡಿಸಿ ಕ್ಲಾಸಿಗೆ ಕೂರಲೇಬೇಕು.

ಎಚ್‌ಒಡಿಗೆ ದೂರು ಕೊಡೋ ಮಾತು ಬಿಡಿ. ಏನಂತ ದೂರು ಕೊಡ್ತೀರಿ, ನಿಯಮ ಮೊದಲೇ ಹೇಳಿದರು ಅಂತಾನಾ? ಸೆಕ್ಷನ್ ಬದಲಿಸಿದರೂ 85 ಬದಲಾಗಲ್ಲ. ಅಲ್ಲಿ ಮೆತ್ತಗಿನವರು ಸಿಕ್ಕರೆ ನನ್ನ ಹಾಗೆ ಆಗುವ ಭಯ ಇನ್ನೂ ಜಾಸ್ತಿ.

ಬಸ್ಸಿನ ಕಷ್ಟ ನಿಜವಾದದ್ದು, ಅದನ್ನು ನಾನು ಹಗುರವಾಗಿ ನೋಡಲ್ಲ. ಆದರೆ ಅದಕ್ಕೆ ಸರ್ ಹತ್ತಿರ ವಿನಾಯಿತಿ ಕೇಳೋದು ಕೊನೆಯ ದಾರಿ. ಅದೇ ಬಸ್ಸಿಗೆ ಬರುವ ಬೇರೆ ಕಾಲೇಜಿನ ಹುಡುಗರೂ ಇರ್ತಾರಲ್ವಾ? ಎಲ್ಲರೂ ಸೇರಿ ಸಹಿ ಹಾಕಿ, ಪ್ರಿನ್ಸಿಪಾಲ್ ಮುಖಾಂತರ ಡಿಪೋ ಮ್ಯಾನೇಜರ್‌ಗೆ ಒಂದು ಅರ್ಜಿ ಕೊಡಿ, ಬಸ್ಸನ್ನು ಅರ್ಧ ಗಂಟೆ ಮುಂಚೆ ಬಿಡಿ ಅಂತ. ಪಾಸ್ ಇರುವ ವಿದ್ಯಾರ್ಥಿಗಳು ಗುಂಪಾಗಿ ಕೇಳಿದರೆ ಸಮಯ ಬದಲಿಸುವುದುಂಟು. ಅದಾಗುವ ತನಕ ಅದಕ್ಕಿಂತ ಮುಂಚಿನ ಬಸ್ಸಿಗೆ ಬನ್ನಿ. ನಿದ್ದೆ ಕಡಿಮೆಯಾಗುತ್ತೆ, ಗೊತ್ತು.

ಮನೆಯಲ್ಲಿ ಕೆಲಸ, ಕಾಯಿಲೆ, ಮದುವೆ ಏನೇ ಇರಲಿ, ಹೋಗುವ ಮೊದಲೇ ಅರ್ಜಿ ಕೊಡಿ. ಎರಡು ಪ್ರತಿ ಮಾಡಿ, ಒಂದರ ಮೇಲೆ ತಾರೀಖಿನ ಸಮೇತ ಸಹಿ ಹಾಕಿಸಿಕೊಂಡು ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಹಿಂದಿನ ತಾರೀಖು ಹಾಕಿ ಆಮೇಲೆ ತರುವ ಅರ್ಜಿ ನಮ್ಮ ಟೇಬಲ್ ಮೇಲೆ ನಿಲ್ಲಲ್ಲ.

ನಿಮ್ಮ ಹಾಳೆಯಲ್ಲಿ ನನಗೆ ಒಪ್ಪಿಗೆಯಾಗದ್ದು ಒಂದೇ, ನಡತೆಯ ಆ 5 ಅಂಕ. ತಡವಾಗಿ ಬಂದದ್ದನ್ನು ಗಡಿಯಾರ ಹೇಳುತ್ತೆ. ಅಸೈನ್‌ಮೆಂಟ್ ಯಾವತ್ತು ಕೊಟ್ಟಿರಿ ಅಂತ ತಾರೀಖು ಹೇಳುತ್ತೆ. ಟೆಸ್ಟ್ ಅಂಕಕ್ಕೆ ಉತ್ತರ ಬರೆದ ಬ್ಲೂ ಬುಕ್ ಇದೆ, ತೆಗೆದು ನೋಡಬಹುದು. ನಡತೆಗೆ ಏನಿದೆ? 2022ರ ಸ್ಕೀಮಿನಲ್ಲಿ ಸಿಐಇ, ಅಂದರೆ ಇಂಟರ್ನಲ್ ಅಂಕ, 50ಕ್ಕೆ 20 ಬರದಿದ್ದರೆ ಪರೀಕ್ಷೆಗೇ ಕೂರಿಸಲ್ಲ, ರಿಸಲ್ಟಿನಲ್ಲಿ ಎನ್ಇ (ಪರೀಕ್ಷೆಗೆ ಅರ್ಹರಲ್ಲ) ಅಂತ ಬರುತ್ತೆ. 17, 18 ಅಂಕದಲ್ಲಿ ನಿಂತ ಹುಡುಗನಿಗೆ ಆ 5 ಅಂಕ ಸಣ್ಣದಲ್ಲ. ಕ್ಲಾಸಿನಲ್ಲಿ ಮೊಬೈಲ್ ಹಿಡಿದರೆ ಎಷ್ಟು ಹೋಗುತ್ತೆ, ಮಾತಾಡಿದರೆ ಎಷ್ಟು, ಮೊದಲ ಸಲಕ್ಕೆ ಎಚ್ಚರಿಕೆ ಕೊಡ್ತಾರಾ, ಕಡಿತ ಆದ ದಿನವೇ ತಿಳಿಸ್ತಾರಾ? ಇದನ್ನು ಸರ್ ಹತ್ತಿರವೇ ಕೇಳಿ. ಕ್ಲಾಸಿನ ನಡುವೆ ಎದ್ದು ನಿಂತು ಕೇಳಬೇಡಿ, ಸವಾಲು ಹಾಕಿದ ಹಾಗಾಗುತ್ತೆ. ಸಿಆರ್ (ಕ್ಲಾಸ್ ಪ್ರತಿನಿಧಿ) ಜೊತೆ ಸ್ಟಾಫ್ ರೂಮಿಗೆ ಹೋಗಿ ಮರ್ಯಾದೆಯಿಂದ ಕೇಳಿ, ಉತ್ತರವನ್ನು ಅದೇ ಹಾಳೆಯಲ್ಲಿ ಸೇರಿಸಿ ಅಂತ ವಿನಂತಿ ಮಾಡಿ. ಅಷ್ಟು ನಿಯಮ ಬರೆದವರು ಇನ್ನೆರಡು ಸಾಲು ಬರೆಯೋಕೆ ಹಿಂಜರಿಯಲಾರರು. ಮೊದಲ ಟೆಸ್ಟಿಗೆ ಮುಂಚೆ ಈ ಕೆಲಸ ಮುಗಿಸಿಕೊಳ್ಳಿ.